ಪೊರೆ ಬಿಟ್ಟ ಜೇಡಕ್ಕೆ ಹೊಸ ಪೆಟ್ಟಿಗೆ

ಗುಂಡ್ಲುಪೇಟೆ, ಭಾನುವಾರ

ಭೀಮನಬೀಡಿನ ಶಿವಶಂಕರ ಅವರ ಮನೆಯಲ್ಲಿ ಈ ಪತ್ರ ಕೇಳಲು ಸೇರಿರುವ ಸರ್ವರಿಗೂ ಶರಣು.

ಮೊದಲ ಕೃತಜ್ಞತೆ ಹಿರಿಯರಾದ ಚಿಕ್ಕಮಲ್ಲಮ್ಮನವರಿಗೆ. ಮೊಮ್ಮಗಳು ಶಿವರಂಜನಿ ಸಾಕಿರುವ ಟರಂಟುಲಾ ಜೇಡ ನಿನ್ನೆ ಅಂಗಾತ ಬಿದ್ದಿದ್ದಾಗ, "ಸತ್ತಿಲ್ಲ ಕಣ್ಲಾ, ಪೊರೆ ಬುಡ್ತಾ ಅದೆ, ಮುಟ್ಬ್ಯಾಡ" ಎಂದವರು ಅವರೊಬ್ಬರೇ.

ಶಿವಶಂಕರ ಅವರೇ, ನೀವು ತಾಯಿಯ ಮಾತು ಕೇಳಲಿಲ್ಲ. "ಸತ್ತೋದ ಹುಳಕ್ಕೆ ಅರಮನೆ ಯಾಕಮ್ಮಿ?" ಎಂದು ನಕ್ಕು, ಮಗಳೆದುರೇ ಗಾಜಿನ ಪೆಟ್ಟಿಗೆಯನ್ನು ಜೇಡದ ಸಮೇತ ತಿಪ್ಪೆಗೆ ಎಸೆದು ಒಡೆದಿರಿ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಇಷ್ಟು ಕೋಪ ಎಂದೂ ಬಂದಿರಲಿಲ್ಲ. ಶಿವರಂಜನಿ ತಿಪ್ಪೆ ಕೆದಕಿ ಜೇಡವನ್ನು ಜೀವಂತವಾಗಿ ತೆಗೆದಿದ್ದಾಳೆ. ಇಂದು ನನ್ನಲ್ಲಿಗೆ ಬಂದಾಗ ಅಳಲಿಲ್ಲ. ಹೊಸ ಪೆಟ್ಟಿಗೆಯ ಅಳತೆ ಕೇಳಿದಳು.

ಈಗಷ್ಟೇ ಪೊರೆ ಬಿಟ್ಟ ಜೇಡದ ಮೈ ಇನ್ನೂ ಮೆದುವಾಗಿದೆ, ಎತ್ತರದಿಂದ ಬಿದ್ದರೆ ಒಡೆಯುತ್ತದೆ. ಆದ್ದರಿಂದ ಪೆಟ್ಟಿಗೆ ತಗ್ಗಾಗಿರಲಿ. ಔಷಧಿ ಹೊಡೆಯದ ಮಣ್ಣನ್ನು ಅರ್ಧಕ್ಕಿಂತ ಹೆಚ್ಚು ತುಂಬಿ, ಅಡಗಲು ತೆಂಗಿನ ಚಿಪ್ಪನ್ನು ಮಗುಚಿಡಿ. ಗಾಳಿಯಾಡುವ ಭದ್ರ ಮುಚ್ಚಳವೂ ಪುಟ್ಟ ಬಟ್ಟಲಲ್ಲಿ ನೀರೂ ಬೇಕು.

ಅಳತೆಯನ್ನು ಅವಳೇ ಹೇಳುತ್ತಾಳೆ. ಮಣ್ಣನ್ನು ಮಾತ್ರ ನೀವೇ ಕೈಯಾರೆ ಜರಡಿ ಹಿಡಿಯಬೇಕು. ಪತ್ರ ತಂದ ಮಗಳು ಎದುರಿಗೇ ನಿಂತಿದ್ದಾಳೆ, ಏಳಿ, ಶುರುಮಾಡಿ.

ಇತಿ,
ಅವಳ ಮೇಷ್ಟ್ರು ರಘುನಾಥ