ಕುಲುಮೆ ಆರಿದ ನಲವತ್ತು ನಿಮಿಷ

ನ್ಸುಕ್ಕಾ ವಿಶ್ವವಿದ್ಯಾಲಯ, ಮಂಗಳವಾರ

ಪ್ರೊಫೆಸರ್ ಅನೆಕೆ ಅವರಿಗೆ ಇಫುನಾನ್ಯಳ ನಮಸ್ಕಾರ.

ನಾಳೆ ವಿಚಾರಣಾ ಸಮಿತಿಯ ಮುಂದೆ ನಿಲ್ಲುವ ಮೊದಲು ಇದನ್ನು ಓದಿ. ನಮ್ಮ ಕೋಬಾಲ್ಟ್ ಆಕ್ಸೈಡ್ ನ್ಯಾನೊ ಎಲೆಕ್ಟ್ರೋಡಿನಷ್ಟು ಚಾರ್ಜ್ ಹಿಡಿದಿಡುವಂಥದ್ದು ನಮ್ಮ ದಾಖಲೆಯಂತೆಯೇ ಮಾಡಿದರೂ ತಮ್ಮಲ್ಲಿ ಬರಲೇ ಇಲ್ಲವೆಂದು ಜರ್ಮನಿಯ ಲ್ಯಾಬಿನವರು ನಿಮ್ಮನ್ನು ಸುಳ್ಳುಗಾರರೆನ್ನುತ್ತಿದ್ದಾರೆ.

ಅದನ್ನು ವಿದ್ಯುತ್ ಕುಲುಮೆಯಲ್ಲಿ ಐದು ಗಂಟೆ ಸತತ ಕಾಯಿಸಿದೆವೆಂದು ದಾಖಲೆಯಲ್ಲಿ ಬರೆದವಳು ನಾನು. ಆದರೆ ಕಾಯಿಸಲು ಶುರುಮಾಡಿ ಎರಡು ಗಂಟೆಯಾದಾಗ ಕರೆಂಟ್ ಹೋಗಿ, ನಲವತ್ತು ನಿಮಿಷದ ನಂತರ ಬಂದಿತ್ತು. ಅದನ್ನೂ ಬರೆಯಲೇ ಎಂದು ಕೇಳಿದ್ದಕ್ಕೆ ನಮ್ಮ ಲ್ಯಾಬಿನ ಸಹಾಯಕ ಎಜಿಕೆ ಮಾಮ, "ಕರೆಂಟ್ ಹೋದದ್ದನ್ನೆಲ್ಲ ಬರೀತಾ ಕೂತ್ರೆ ಪುಸ್ತಕ ಎಲ್ಲಿ ಸಾಲುತ್ತಮ್ಮಾ" ಎಂದು ನಕ್ಕರು. ನಾನೂ ನಕ್ಕೆ. ತಪ್ಪು ಅವರದಲ್ಲ, ಪೆನ್ನು ನನ್ನ ಕೈಯಲ್ಲಿತ್ತು.

ನಿನ್ನೆ ಬೇಕೆಂದೇ ನಡುವೆ ಅಷ್ಟೇ ಹೊತ್ತು ಕುಲುಮೆ ಆರಿಸಿ ಮತ್ತೆ ಹಚ್ಚಿದೆ. ನಮ್ಮ ಮೊದಲಿನ ಫಲಿತಾಂಶವೇ ಬಂತು.

ನನ್ನ ಪದವಿಯ ವಿಷಯ ಆಮೇಲಾಗಲಿ. ಎರಡು ಗಂಟೆಯಾದ ಮೇಲೆ ಕುಲುಮೆಯನ್ನು ನಲವತ್ತು ನಿಮಿಷ ಆರಿಸಬೇಕೆಂದು ಜರ್ಮನಿಯವರಿಗೆ ಇಂದೇ ಬರೆಯಿರಿ. ಅವರಲ್ಲಿ ಕರೆಂಟ್ ತಾನಾಗಿ ಹೋಗುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಇಫುನಾನ್ಯ