ಉಸಿರಾಡಿದ ಗೆರೆ

ಹೊಸದುರ್ಗ, ಬುಧವಾರ

ಅಕ್ಕಾ,

ಬಸ್ ಸ್ಟ್ಯಾಂಡಿನಲ್ಲಿ ವಿಪರೀತ ಗಾಳಿ. ಕಾರ್ಡನ್ನು ಮೊಣಕಾಲಿಗೆ ಒತ್ತಿ ಹಿಡಿದು ಬರೆಯುತ್ತಿದ್ದೇನೆ. ಇಲ್ಲಿನ ಒಂದು ಮನೆಯ ತೀರಿಹೋದ ಯಜಮಾನರ ಭಾವಚಿತ್ರ ನಿನ್ನೆ ಮುಗಿಯಿತು. ಮನೆಯವರು ಫೋಟೊ ಪಕ್ಕದಲ್ಲಿಟ್ಟು ಮೂಗು, ಮೀಸೆ ತಾಳೆ ನೋಡಿ ಒಪ್ಪಿಕೊಂಡರು. ನನಗೆ ಎಂದಿನಂತೆ ಏನೂ ಅನ್ನಿಸಲಿಲ್ಲ.

ಬಣ್ಣ ಒಣಗಲೆಂದು ಹಿತ್ತಲಾಚೆಯ ಕುರಿರೊಪ್ಪದ ಹತ್ತಿರ ಹೋಗಿ ನಿಂತೆ. ಉಣ್ಣೆ ಕತ್ತರಿಸಿದ ಕುರಿಗಳ ಬೆನ್ನಿಗೆ ತಿಪ್ಪಮ್ಮ ಎಂಬ ಹಿರಿಯಾಕೆ ಕೆಂಪು ಬಣ್ಣದ ಗುರುತು ಹಾಕುತ್ತಿದ್ದರು. "ಬಣ್ಣದ ಕೆಲಸದಾಕೆ ಅಂತಲ್ಲ ನೀನು, ಬಾರಮ್ಮ, ಒಂದೀಟು ಕೈ ಜೋಡ್ಸು" ಎಂದರು. ಹೇಗೆ ಬರೆಯಲಿ ಎಂದು ಕೇಳಿದೆ.

"ಅದ್ರಾಗೇನೈತೆ, ಒಂದು ಗೀಟು ಎಳಿ. ಬ್ಯಾರೆ ಮಂದೆಗೆ ಸೇರ್ಕಂಡ್ರೆ ನಮ್ದು ಅಂತ ದೂರದಿಂದ ಗೊತ್ತಾದ್ರೆ ಸಾಕು."

ಕುಂಚ ಇಟ್ಟೆ. ಕುರಿ ಉಸಿರೆಳೆದುಕೊಂಡಿತು. ನನ್ನ ಗೆರೆ ಅದರ ಜೊತೆಗೇ ಉಬ್ಬಿ, ಇಳಿಯಿತು. ಇಷ್ಟು ವರ್ಷ ಸತ್ತವರ ಮುಖವನ್ನೇ ಬರೆದ ಕೈ ಅಕ್ಕಾ, ತಾನಾಗಿಯೇ ಮುಂದಿನ ಕುರಿಯನ್ನು ಹತ್ತಿರಕ್ಕೆ ಎಳೆದುಕೊಂಡಿತು. ಆಮೇಲೆ ಹೊತ್ತು ಮುಳುಗುವ ತನಕ ಕುಂಚ ಕೆಳಗಿಡಲಿಲ್ಲ. ಸೊಂಟ ಹಿಡಿದುಕೊಂಡಿದೆ, ಮುಂದಿನ ವಾರ ನಾನು ಬರುವಷ್ಟರಲ್ಲಿ ಎಣ್ಣೆ ಕಾಯಿಸಿಡು.

ಅಪ್ಪಯ್ಯನ ಚಿತ್ರ ಯಾವಾಗ ಎಂದು ನೀನು ಕೇಳಿದಾಗಲೆಲ್ಲ, ಒಳ್ಳೆಯ ಫೋಟೊ ಸಿಗಲಿ ಎನ್ನುತ್ತಿದ್ದೆ. ಇನ್ನು ಹುಡುಕಬೇಡ. ಊಟವಾದ ಮೇಲೆ ಚಾವಡಿಯಲ್ಲಿ ಹೊಟ್ಟೆಯ ಮೇಲೆ ಪೇಪರು ಹರಡಿಕೊಂಡು ಗೊರಕೆ ಹೊಡೆಯುತ್ತಿದ್ದರಲ್ಲ, ಹಾಗೆ ಬರೆಯುತ್ತೇನೆ. ಆ ಪೇಪರು ಏರಿ ಇಳಿಯಬೇಕು.

ಬಸ್ಸು ಬಂತು.

ಪ್ರಮೀಳಾ