ಪುಕ್ಕಟೆ ಸೂಜಿ

ಜನವರಿ 28, ಬುಧವಾರ

ನಮ್ಮ ಕಾನೂನು ನೆರವಿನ ಸಂಸ್ಥೆಗೆ ಬರೆಯುತ್ತಿರುವ ಟಿಪ್ಪಣಿ ಇನ್ನೂ ಮುಗಿದಿಲ್ಲ. ಮಕ್ಕಳ ಲಸಿಕೆ ಯಾವ ಕಾನೂನಿನಡಿ ಉಚಿತ — ಇಲ್ಲಿ ಅಮೆರಿಕದಲ್ಲಿರುವ ಕನ್ನಡದ ತಾಯ್ತಂದೆಯರಿಗೆ ತಿಳಿಯುವ ಹಾಗೆ, ಒಂದು ಪುಟದಲ್ಲಿ. ಒಂದು ಪುಟವಂತೆ! ತಜ್ಞರ ಸಮಿತಿ ಒಪ್ಪಿದ ಲಸಿಕೆಗಳನ್ನು ಬಡ ಮಕ್ಕಳಿಗಾಗಿ ಕೇಂದ್ರ ಸರ್ಕಾರ ಕೊಳ್ಳುತ್ತದೆ. ಉಳಿದವರ ಖರ್ಚನ್ನು ವಾಷಿಂಗ್ಟನ್ ರಾಜ್ಯ ಇನ್ಶೂರೆನ್ಸ್ ಕಂಪನಿಗಳಿಂದ ವಸೂಲು ಮಾಡುತ್ತದೆ. ಹಾಗಾಗಿ ಇಲ್ಲಿ ಸಾಹುಕಾರನ ಮಗುವಿಗೂ ಕೂಲಿಯವನ ಮಗುವಿಗೂ ಅದೇ ಬಾಟಲಿ. ಈ ಸಾಲು ಬರೆದು ಬೀಗಿದೆ. ಶಶಿಗೆ ಓದಿ ಹೇಳಿದೆ. ಮಗಳಿಗೆ ಅನ್ನ ತಿನ್ನಿಸುತ್ತಿದ್ದ.

“ಪುಕ್ಕಟೆ ಸಿಗೋದು ಅಷ್ಟಕ್ಕಷ್ಟ ಇರ್ತದಲ್ಲ?” ಅಂದ.

ನನ್ನ ಗಂಡರಾಯ ರೆಡ್ಮಂಡಿನ ದೊಡ್ಡ ಇಂಜಿನಿಯರ್... ತಲೆ ಮಾತ್ರ ಇನ್ನೂ ಗದಗಿನ ಪ್ರೈವೇಟ್ ಡಾಕ್ಟರ ಬಾಗಿಲಲ್ಲೇ. ಹಾಗಂತ ಛೇಡಿಸಿದೆ. ನಗಲಿಲ್ಲ.

ಜನವರಿ 31, ಶನಿವಾರ

ಪಕ್ಕದ ಮನೆಯ ಮಧು ಹತ್ತು ತಿಂಗಳ ಅಭಿನವ್‌ನನ್ನು ಕರೆತಂದಿದ್ದಳು. ಅವನೂ ನಮ್ಮ ಜಾನಕಿಯೂ ಒಂದೇ ಚಮಚ ನೆಕ್ಕಿದರು. ಅವನಿಗೆ ಮೂಗು ಸೋರುತ್ತಿತ್ತು. ಕರ್ಕ್‌ಲ್ಯಾಂಡಿನ ಈ ಚಳಿಗೆ ಯಾರಿಗೆ ಸೋರುವುದಿಲ್ಲ?

ಫೆಬ್ರವರಿ 7, ಶನಿವಾರ. ಬೆಳಿಗ್ಗೆ

ಮಧು ಕಾಲ್ ಮಾಡಿದ್ದಳು. ಬರೀ ಅಳು. “ಅಭಿಗೆ ದಡಾರ ಅಂತೆ ಕಣೆ. ರಿಪೋರ್ಟ್ ಈಗ ಬಂತು. ಇನ್ನೂ ವರ್ಷ ಆಗಿಲ್ಲ ಅಂತ ಲಸಿಕೆ ಹಾಕಿರ್ಲಿಲ್ಲ. ಜಾನೂನ ನೋಡ್ಕೊ!”

ನಾನೇ ಸಮಾಧಾನ ಹೇಳಿದೆ. ಜಾನಕಿಗೆ ವರ್ಷ ತುಂಬಿದಾಗಲೇ ಲಸಿಕೆ ಆಗಿದೆಯಲ್ಲ. ಮೊದಲಿನವಕ್ಕೆಲ್ಲ ನಾನು ಹೋಗಿದ್ದೆ, ಅದೊಂದಕ್ಕೆ ಶಶಿ.

ಫೋನಿಟ್ಟು ತಿರುಗಿದರೆ ಅವನ ಮುಖದಲ್ಲಿ ರಕ್ತವಿಲ್ಲ.

“ಸ್ಮಿತಾ... ಹಾಕಿಸಿಲ್ಲ.”

“ಏನ್ ಹೇಳಾಕತ್ತಿ ನೀ?”

“ಎಲ್ಲಾರಿಗೂ ಸರ್ಕಾರದ್ದ ಅಂದ್ಲು ನರ್ಸ್. ರೊಕ್ಕ ಕೊಡ್ತೀನಿ, ಪ್ರೈವೇಟ್‌ದು ಹಾಕ್ರಿ ಅಂದೆ. ಇಲ್ಲ ಅಂದ್ಲು. ಬ್ಯಾರೆ ಕಡೆ ಛಲೋದು ಹಾಕಸೋಣು ಅಂತ ವಾಪಸ್ ಬಂದೆ. ಆಮ್ಯಾಲೆ... ಕೆಲಸದಾಗ ಮರ್ತೆ.”

ನೆಲದ ಮೇಲೆ ಕುಳಿತುಬಿಟ್ಟೆ. ಮೂರು ತಿಂಗಳು! ಒಂದೇ ಮನೆಯಲ್ಲಿ ಇದ್ದೆವು. ನನಗೆ ಗೊತ್ತೇ ಆಗಲಿಲ್ಲ.

ಮಧ್ಯಾಹ್ನ

ಕ್ಲಿನಿಕ್ಕಿನ ನರ್ಸ್ ಜೊತೆ ಮಾತಾಡಿದೆ. ಮೂರು ದಿನದೊಳಗಾದರೆ ಲಸಿಕೆ, ಆರು ದಿನದೊಳಗಾದರೆ ಇನ್ನೊಂದು ಇಂಜೆಕ್ಷನ್ ಕೊಡಬಹುದಿತ್ತಂತೆ. ಅಭಿ ಬಂದುಹೋಗಿ ಇವತ್ತಿಗೆ ಏಳು. ಮನೆಯಲ್ಲೇ ಇಟ್ಟುಕೊಂಡು ಕಾಯಿರಿ ಅಂದಳು. ಶಶಿ ಫೋನ್ ಕಿತ್ತುಕೊಂಡು, ಎಷ್ಟಾದರೂ ಪರವಾಗಿಲ್ಲ, ಕೊಡುತ್ತೇನೆ ಎಂದು ಗೋಗರೆದ. ಯಾವುದಕ್ಕೆ ಎಂದು ಆಕೆಗೆ ಅರ್ಥವೇ ಆಗಲಿಲ್ಲ.

ಫೆಬ್ರವರಿ 11, ಬುಧವಾರ

ನಿನ್ನೆಯಿಂದ ಜಾನಕಿಗೆ ಜ್ವರ. ಕಣ್ಣು ಕೆಂಪು. ಬೆಳಕು ಕಂಡರೆ ಅಳುತ್ತಾಳೆ. ಶಶಿಯ ಮೇಲೆ ಕೂಗಾಡಬೇಕು. ಆದರೆ ಅವನು ಮಗುವನ್ನು ಹೆಗಲಿಂದ ಇಳಿಸುತ್ತಿಲ್ಲ.

ಟಿಪ್ಪಣಿ ಕಳಿಸಿಲ್ಲ. ಉಚಿತ ಎಂದು ಮೂರು ಕಡೆ ಬರೆದಿದ್ದೇನೆ. ಒಳ್ಳೆಯದು ಎಂದು ಬರೆಯಬೇಕೆಂದು ತೋಚಲೇ ಇಲ್ಲ.

ಫೆಬ್ರವರಿ 13, ಶುಕ್ರವಾರ

ಜ್ವರ ಇಳಿದಿಲ್ಲ. ಶಶಿ ಈಗ ಕೂಗಿದ — “ಸ್ಮಿತಾ, ಲೈಟ್ ಹಾಕು, ಇಲ್ಲಿ ನೋಡು.” ಕೂದಲು ಸರಿಸಿ ಹಿಡಿದಿದ್ದ. ಕಿವಿಯ ಹಿಂದೆ ಕೆಂಪು ದದ್ದುಗಳು.